ಮಾವ ಓಡಿಸಿದ ಕಂಪ್ಯೂಟರ್

ನಮ್ಮ ಮನೆಗೆ ಬಂದವರು ಕೋಳಿಗೂಡಿನ ಮುಂದೆ ಒಂದು ಗಳಿಗೆ ನಿಲ್ಲುತ್ತಾರೆ. ಕೋಳಿ ನೋಡುವುದಕ್ಕಲ್ಲ, ಬಾಗಿಲು ನೋಡುವುದಕ್ಕೆ. ಅದು ಮರದ್ದಲ್ಲ, ಬಿದಿರಿನ ತಡಿಕೆಯೂ ಅಲ್ಲ. ಬೂದು ಬಣ್ಣದ ತಗಡು. ಒಂದು ಮೂಲೆಯಲ್ಲಿ ಗಾಳಿಯಾಡಲು ಒತ್ತೊತ್ತಾಗಿ ಸಣ್ಣ ತೂತುಗಳು. ಹಿಂದಕ್ಕೆ ಜಾರಿಸಿದರೆ ತೆರೆಯುತ್ತದೆ, ಮುಂದಕ್ಕೆ ಒತ್ತಿದರೆ ಟಕ್ ಎಂದು ಕೂರುತ್ತದೆ. ಇಷ್ಟು ಅಚ್ಚುಕಟ್ಟಾದ ಕೋಳಿಗೂಡಿನ ಬಾಗಿಲು ನೀಲಗಿರಿಯ ನಮ್ಮೂರು ಇತ್ತಲಾರಿನಲ್ಲಿ ಇನ್ನೊಂದಿಲ್ಲ ಎಂದು ನಾನು ಜಂಬ ಕೊಚ್ಚಿದರೆ, ಇಂಥ ಯಜಮಾನನೂ ಇನ್ನೊಬ್ಬನಿಲ್ಲ ಎನ್ನುತ್ತಾಳೆ ನನ್ನ ಹೆಂಡತಿ. ಅದನ್ನು ಹೊಗಳಿಕೆಯೆಂದೇ ಇಟ್ಟುಕೊಂಡಿದ್ದೇನೆ.

ಮೊನ್ನೆ ಅವಳು ಹೊಸ ಬಾಗಿಲು ಮಾಡಿಸೋಣ ಎಂದಳು. ಅಂಚು ತುಕ್ಕು ಹಿಡಿದಿದೆ, ಮುಂಗುಸಿ ಮೂತಿ ತೂರಿಸುವಷ್ಟು ಸಂದು ಬಿದ್ದಿದೆ, ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ಆದರೂ ನಾನು ಜಗ್ಗಲಿಲ್ಲ. "ಅದು ಕಂಪ್ಯೂಟರಿನ ಪಕ್ಕೆ ಕಣೇ" ಎಂದೆ. ಅವಳು ಈ ಮನೆಗೆ ಬರುವುದಕ್ಕೆ ಮುಂಚಿನ ಕಥೆ ಅದು, ಹಾಗಾಗಿ ಅವಳಿಗೆ ಅದರ ಮೇಲೆ ಮಮತೆಯಿಲ್ಲ. ನಿಮಗೆ ಹೇಳುತ್ತೇನೆ. ಕೋಳಿಗಳಿಗೆ ಆಗಲೇ ಹೇಳಿ ಆಗಿದೆ.

ಎರಡು ಸಾವಿರನೇ ಇಸವಿಯ ಆಚೀಚೆ. ಆಗಷ್ಟೇ ಡಿಪ್ಲೊಮಾ ಮುಗಿಸಿ ಹತ್ತಿರದ ಟೀ ಫ್ಯಾಕ್ಟರಿಯೊಂದರಲ್ಲಿ ಮೋಟಾರುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದೆ. ಡ್ರೈವರ್ ಬಾರದ ದಿನ ತೋಟಗಳಿಂದ ಎಲೆ ತರುವ ವ್ಯಾನನ್ನೂ ನಾನೇ ಓಡಿಸಬೇಕಿತ್ತು. ಒಂದು ದಿನ ಊಟಿಯ ಬ್ರೌಸಿಂಗ್ ಸೆಂಟರಿನಲ್ಲಿ ಯಾರೋ ಹುಡುಗರು ಕಾರ್ ರೇಸಿನ ಆಟ ಆಡುವುದನ್ನು ಕಂಡೆ. ಬೆಟ್ಟದ ರಸ್ತೆ, ಕೆಂಪು ಕಾರು, ಒಂದು ತಿರುವಿನಲ್ಲಿ ಬುಡಮೇಲಾದರೂ ಮತ್ತೆ ಎದ್ದು ಓಡುವ ಭಾಗ್ಯ. ಅವತ್ತೇ ನನಗೆ ಹುಚ್ಚು ಹಿಡಿಯಿತು. ಅಂಥದ್ದೊಂದು ಆಟದ ಕಂಪ್ಯೂಟರು ನನ್ನದೇ ಆಗಬೇಕು.

ಅಂಗಡಿಯಲ್ಲಿ ಇಡಿಯಾಗಿ ಕೊಳ್ಳುವ ಶಕ್ತಿ ನನಗಿರಲಿಲ್ಲ. ನಮ್ಮ ಹಟ್ಟಿಗಳಲ್ಲಿ ಮನೆ ಕಟ್ಟುತ್ತಾರಲ್ಲ, ಈ ವರ್ಷ ಗೋಡೆ, ಮುಂದಿನ ವರ್ಷ ಸೂರು ಎಂದು, ನಾನೂ ಹಾಗೆಯೇ ಹೊರಟೆ. ಕೊಯಮತ್ತೂರಿನ ಹಳೇ ಸಾಮಾನಿನ ಅಂಗಡಿಗಳನ್ನು ಸುತ್ತಿ ಮದರ್‌ಬೋರ್ಡ್ ತಂದೆ. ಇನ್ನೊಂದು ತಿಂಗಳು ಪ್ರೊಸೆಸರ್ ಬಂತು. ಯಾರೋ ಬಳಸಿ ಬಿಟ್ಟ ಗ್ರಾಫಿಕ್ಸ್ ಕಾರ್ಡನ್ನು ಸ್ವೆಟರಿನಲ್ಲಿ ಸುತ್ತಿ, ಬಸ್ಸಿನಲ್ಲಿ ಮೊಲೆಗೂಸನ್ನು ಹಿಡಿದುಕೊಂಡಂತೆ ಹಿಡಿದುಕೊಂಡು ಬೆಟ್ಟ ಹತ್ತಿಸಿದೆ. ಫ್ಯಾಕ್ಟರಿ ಆಫೀಸಿನವರು ತೆಗೆದುಹಾಕಿದ ಮಾನಿಟರ್ ಒಂದು ಸಿಕ್ಕಿತು. ಅದರ ಬಲ ಮೂಲೆ ಯಾವಾಗಲೂ ಸ್ವಲ್ಪ ಹಸಿರು. ನಮ್ಮ ಕಡೆ ಎಲ್ಲಿ ನೋಡಿದರೂ ಹಸಿರೇ ಆದ್ದರಿಂದ ಅದೊಂದು ಕುಂದೆನಿಸಲಿಲ್ಲ.

ಎಲ್ಲವನ್ನೂ ಜೋಡಿಸಿ ಗುಂಡಿ ಒತ್ತಿದೆ. ಸದ್ದಿಲ್ಲ. ತೆಗೆದು ಜೋಡಿಸಿ ಮತ್ತೆ ಒತ್ತಿದೆ. ಉಹುಂ. ವಾರವಿಡೀ ಮಂಜು ಕವಿದಿದ್ದ ಕಾಲ ಅದು. ಆ ಕಾಲದಲ್ಲಿ ನಮ್ಮಲ್ಲಿ ಬೆಂಕಿಕಡ್ಡಿಯೂ ಗೀರಿದರೆ ಹತ್ತುವುದಿಲ್ಲ. ಅಮ್ಮ ಅಡುಗೆಮನೆಯಿಂದಲೇ ರೋಗ ಪತ್ತೆ ಹಚ್ಚಿದಳು: "ಉಪ್ಪು ನೀರೊಡ್ದಂಗೆ ಒಡ್ದದೆ ಅದು. ಒಲೆ ಪಕ್ಕ ಮಡುಗು." ಒಲೆಯ ಮಸಿಗೆ ಕೊಡಲು ನನಗೆ ಮನಸ್ಸಾಗದೆ, ಮದರ್‌ಬೋರ್ಡನ್ನು ಫ್ಯಾಕ್ಟರಿಗೆ ಒಯ್ದು, ಟೀ ಎಲೆ ಒಣಗಿಸುವ ಡ್ರೈಯರ್ ಕೋಣೆಯ ಗೂಟಕ್ಕೆ ಒಂದು ದಿನ ನೇತುಹಾಕಿದೆ. ಬೇರೆ ಊರಿನವರು ಯಾರಾದರೂ ಹೀಗೆ ಮಾಡಿದ್ದಾರೋ ಇಲ್ಲವೋ ಕಾಣೆ. ಮನೆಗೆ ತಂದು ಜೋಡಿಸಿದ ಕೂಡಲೇ ಫ್ಯಾನು ತಿರುಗಿತು. ಅಂದಿನಿಂದ ಕಂಪ್ಯೂಟರ್ ಬಿಸಿಯಾದಾಗಲೆಲ್ಲ ಕೋಣೆಯ ತುಂಬ ಹೊಸ ಟೀ ಪುಡಿಯ ವಾಸನೆ ಬರುತ್ತಿತ್ತು.

ಕರೆಂಟಿನ ಕಥೆ ಬೇರೆಯೇ. ನಮ್ಮ ಪಕ್ಕದ ಕುಂದಾ ಕಣಿವೆಯ ಪವರ್‌ಹೌಸುಗಳಿಂದ ಕರೆಂಟು ಬಯಲಿನ ಊರೂರಿಗೆ ಹೋಗುತ್ತದೆ. ನಮ್ಮ ಮನೆಯ ಬಲ್ಬು ಮಾತ್ರ ಸಂಜೆಯಾದರೆ ಕಣ್ಣು ಕಿರಿದು ಮಾಡುತ್ತಿತ್ತು. ದೀಪದ ಬುಡದಲ್ಲಿ ಕತ್ತಲೆ ಎಂದು ಸುಮ್ಮನೆ ಹೇಳಿದ್ದಲ್ಲ. ಆದರೆ ಚಳಿ ನನ್ನ ಪಕ್ಷದಲ್ಲಿತ್ತು. ಪ್ರೊಸೆಸರಿನ ವೇಗವನ್ನು ಅದಕ್ಕೆ ನಿಗದಿಯಾದುದಕ್ಕಿಂತ ಮೇಲೆ ಏರಿಸಿದರೆ ಕೆಂಡವಾಗುತ್ತದೆ. ಬಯಲಿನವರು ಅದಕ್ಕಾಗಿ ಫ್ಯಾನಿನ ಮೇಲೆ ಫ್ಯಾನು ಕೂರಿಸುತ್ತಾರೆ, ನಾನು ಕಿಟಕಿ ತೆರೆದೆ. ಕೊಯಮತ್ತೂರಿನ ಆ ಕಾರ್ಡು ಕ್ಯಾಬಿನೆಟ್ಟಿಗಿಂತ ಅಗಲವಾಗಿ ಪಕ್ಕೆ ಮುಚ್ಚುತ್ತಲೇ ಇರಲಿಲ್ಲ. ಅದನ್ನು ಬಿಚ್ಚಿಟ್ಟವನು ಮತ್ತೆಂದೂ ಹಾಕಲಿಲ್ಲ. ಅದೇ ಇವತ್ತಿನ ಕೋಳಿಗೂಡಿನ ಬಾಗಿಲು. ಹೊಟ್ಟೆ ಬಿಟ್ಟುಕೊಂಡು ಚಳಿಯಲ್ಲಿ ಕೂತ ಯಂತ್ರವನ್ನು ನೋಡಲಾಗದೆ ಅಮ್ಮ ಒಮ್ಮೆ ಕಂಬಳಿ ಹೊದಿಸಿಬಿಟ್ಟಿದ್ದಳು. ಟೀ ವಾಸನೆ ಜೋರಾದದ್ದರಿಂದ ಗೊತ್ತಾಗಿ ಉಳಿಯಿತು.

ಇಷ್ಟಾದರೂ ಇದು ಕಂಪ್ಯೂಟರಿನ ಕಥೆಯಲ್ಲ. ಮಾದಪ್ಪ ಮಾವನ ಕಥೆ.

ಮಾದಪ್ಪ ಮಾವ ನನ್ನ ಅಮ್ಮನ ಅಣ್ಣ, ಮಸಿನಗುಡಿಯವರು. ಊಟಿಯಿಂದ ಕಲ್ಲಟ್ಟಿ ಘಾಟಿ ಇಳಿದು ಮಸಿನಗುಡಿಗೆ ಹೋಗುವ ಬಸ್ಸಿನ ಡ್ರೈವರಾಗಿದ್ದರು. ಕಲ್ಲಟ್ಟಿ ನೋಡದವರಿಗೆ ಹೇಗೆ ಹೇಳಲಿ? ಅಲ್ಲಿ ರಸ್ತೆ ಇಳಿಯುವುದಿಲ್ಲ, ಬೀಳುತ್ತದೆ. ಒಂದು ತಿರುವು ಮುಗಿಯುವಷ್ಟರಲ್ಲಿ ಇನ್ನೊಂದು ಬಾಯಿ ತೆರೆದು ನಿಂತಿರುತ್ತದೆ. ಶಾಲೆಗೆ ರಜೆ ಬಂದರೆ ಅಮ್ಮ ನನ್ನನ್ನು ಊಟಿಯಲ್ಲಿ ಮಾವನ ಬಸ್ಸು ಹತ್ತಿಸುತ್ತಿದ್ದಳು. ಮಾವ ತಮ್ಮ ಎಡಕ್ಕಿದ್ದ ಇಂಜಿನ್ ಮುಚ್ಚಳದ ಮೇಲೆ ಗೋಣಿ ಮಡಿಸಿ ಹಾಕಿ ಕೂರಿಸಿಕೊಳ್ಳುತ್ತಿದ್ದರು. ಊಟಿಯ ಚಳಿಯಲ್ಲಿ ಅದಕ್ಕಿಂತ ಸುಖವಾದ ಜಾಗ ಈ ಭೂಮಿಯ ಮೇಲೆ ಇರಲಿಲ್ಲ. ಕೆಳಗಿನಿಂದ ಬಿಸಿ, ಪಕ್ಕದಲ್ಲಿ ಮಾವನ ಖಾಕಿ ತೋಳು. ತಿರುವುಗಳನ್ನು ಎಣಿಸುತ್ತೇನೆಂದು ಪ್ರತಿ ಸಲ ಹಟದಿಂದ ಶುರು ಮಾಡಿ ಪ್ರತಿ ಸಲ ನಿದ್ದೆ ಹೋಗುತ್ತಿದ್ದೆ. ಕಣ್ಣು ಬಿಟ್ಟರೆ ಮಸಿನಗುಡಿ. ಮಾವನ ಮಗಳು ಗಿರಿಜಾ ಬಸ್‌ಸ್ಟಾಪಿನಲ್ಲಿ ನಿಂತು ನನ್ನ ಜೊಲ್ಲು ನೋಡಿ ನಗುತ್ತಿದ್ದಳು. ಅವಳನ್ನು ನನಗೇ ಕೊಡುವ ಮಾತೊಂದು ಹಿರಿಯರಲ್ಲಿತ್ತಂತೆ. ಆ ಜೊಲ್ಲನ್ನು ಕಂಡವಳು ಒಪ್ಪುವುದುಂಟೆ? ಮುಂದೆ ಮಸಿನಗುಡಿಯವನನ್ನೇ ಮದುವೆಯಾಗಿ ಸುಖವಾಗಿದ್ದಳು.

ನಾನು ಫ್ಯಾಕ್ಟರಿಗೆ ಸೇರಿದ ವರ್ಷವೇ ಮಾವನ ಎಡಗಣ್ಣು ಮಂಕಾಯಿತು. ನರದ ದೋಷ, ಸರಿಹೋಗುವುದಲ್ಲ ಎಂದರು ಊಟಿಯ ಡಾಕ್ಟರು. ಬೆಳಿಗ್ಗೆ ಬಸ್ಸು ಹತ್ತಿಸಿಕೊಂಡು ಬಂದು ಪರೀಕ್ಷೆಗೆ ಹೋಗಿದ್ದ ಮಾವನಿಗೆ, ಮಧ್ಯಾಹ್ನದ ಬಸ್ಸನ್ನು ಇನ್ನು ನೀವು ಇಳಿಸುವಂತಿಲ್ಲ ಎಂದರು. ಒಂದು ಕಣ್ಣಿನವನಿಗೆ ಎದುರಿನ ವಾಹನ ಎಷ್ಟು ದೂರದಲ್ಲಿದೆ ಎಂಬ ಅಳತೆ ಸಿಗುವುದಿಲ್ಲ. ಆಫೀಸಿನಲ್ಲಿ ಕೂರುವ ಕೆಲಸ ಕೊಡುತ್ತೇವೆಂದರೂ ಮಾವ ಕೇಳಲಿಲ್ಲ. ಊಟಿಯಿಂದ ನಮ್ಮ ಹಟ್ಟಿಗೆ ನಡೆದುಕೊಂಡು ಬಂದರು. ಸಂಜೆ ಅಂಗಳದಲ್ಲಿ ನಿಂತು, "ಒಂಚೂರು ಕಾಪಿ ಕೊಡವ್ವ" ಎಂದರು ಅಮ್ಮನಿಗೆ.

ಹಾಗೆ ಬಂದವರು ಹಿಂದಿರುಗಲಿಲ್ಲ. ಮಸಿನಗುಡಿಗೆ ಹೋಗಬೇಕಾದರೆ ಬೇರೆ ಯಾರೋ ಓಡಿಸುವ ಬಸ್ಸಿನಲ್ಲಿ ಕೂರಬೇಕು. ಮಾವ ಕೂರುತ್ತಿರಲಿಲ್ಲ. ಬಸ್ಸು, ಜೀಪು, ಆಟೋ, ನನ್ನ ಎಲೆ ವ್ಯಾನು, ಯಾವುದನ್ನೂ ಹತ್ತುತ್ತಿರಲಿಲ್ಲ. ಎಲ್ಲಿಗೆ ಹೋದರೂ ಕಾಲ್ನಡಿಗೆ. ಮಸಿನಗುಡಿಗೂ ನಡೆದೇ ಬಿಡೋಣ ಎಂದು ಒಮ್ಮೆ ಹೊರಟರು, ಮಂಡಿ ಒಪ್ಪಲಿಲ್ಲ. ಆ ಕಾಡಿನಲ್ಲಿ ಆನೆಗಳೂ ಒಪ್ಪುತ್ತಿರಲಿಲ್ಲ. ಮಾವನ ಹೆಂಡತಿ, ನನ್ನ ಅತ್ತೆ, ತೀರಿಹೋಗಿದ್ದರು. ಗಿರಿಜಾ ಬಸುರಿ, ವಾರಕ್ಕೊಮ್ಮೆ ಫೋನ್ ಮಾಡಿ ಅಪ್ಪ ಯಾವಾಗ ಬರುತ್ತಾರೆ ಎಂದು ಕೇಳುತ್ತಿದ್ದಳು. ಅಮ್ಮನಿಗೆ ತಡೆಯಲಾಗದೆ ಒಂದು ದಿನ ಅಣ್ಣನ ಮೇಲೆ ಏರಿಹೋದಳು.

"ಬಸ್ಸಲ್ ಕೂತ್ರೆ ಏನಣ್ಣ ಹೋಯ್ತದೆ ನಿಂಗೆ? ಊರಲ್ಲಿರೋರೆಲ್ಲ ಕೂರಕಿಲ್ವಾ?"

"ಬಲಗಡೆ ಕೂತ್ರೆ ನಾ ಮಾದಪ್ಪ ಕನವ್ವ" ಎಂದರು ಮಾವ. "ಎಡಗಡೆ ಕೂತ್ರೆ ಯಾರು?"

ಅಮ್ಮ ಎದ್ದು ಒಳಗೆ ಹೋದಳು.

ಮಾವನನ್ನು ಕಂಪ್ಯೂಟರಿನ ಮುಂದೆ ಕೂರಿಸಬೇಕೆಂದು ನಾನೇನೂ ಯೋಜನೆ ಹಾಕಿರಲಿಲ್ಲ. ಒಂದು ಭಾನುವಾರ ನಾನು ಆಡುತ್ತಿದ್ದಾಗ ತಾವೇ ಬಂದು ಬೆನ್ನ ಹಿಂದೆ ನಿಂತರು. ಕೀಬೋರ್ಡಿನ ಬಾಣದ ಗುಂಡಿಗಳನ್ನು ನಾನು ಕುಟ್ಟುವುದನ್ನು ಕಂಡು ಅವರಿಗೆ ಅವಮಾನವೇ ಆಯಿತು. "ಗುಂಡಿ ಅದುಮಿ ವಂಡಿ ಓಡ್ಸದಾ? ಇದೇನ್ಲಾ, ಮಿಕ್ಸಿನಾ?"

ಮುಂದಿನ ಸಲ ಕೊಯಮತ್ತೂರಿಗೆ ಹೋದಾಗ ಹಳೆಯದೊಂದು ಸ್ಟೀರಿಂಗ್ ತಂದೆ. ಮೇಜಿಗೆ ಬಿಗಿಯುವ ಪ್ಲಾಸ್ಟಿಕ್ ಚಕ್ರ, ಕೆಳಗೆ ಎರಡು ಪೆಡಲು, ಪಕ್ಕದಲ್ಲಿ ಆಟಿಕೆಯಂಥ ಗೇರು. ಮಾವ ಬೇಡ ಬೇಡವೆನ್ನುತ್ತಲೇ ಕೂತರು. ಕೂತವರು ಮೊದಲು ಮಾನಿಟರಿನ ಗಾಜನ್ನು ಹೆಗಲ ಟವೆಲಿನಿಂದ ಒರೆಸಿದರು. ಚಕ್ರ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಅವರ ಎಡಗಾಲು ಇಲ್ಲದ ಕ್ಲಚ್ಚಿಗಾಗಿ ನೆಲವನ್ನೆಲ್ಲ ತಡಕಾಡಿತು. ಆಮೇಲೆ ಓಡಿಸಿದರು.

ಎಂಥ ಸೊಗಸು ಅಂತೀರಿ! ನನಗೆ ಆಗ ಹೊಳೆಯಿತು: ಪರದೆ ಚಪ್ಪಟೆ. ಅಲ್ಲಿ ಎರಡು ಕಣ್ಣಿನವನಿಗೂ ದೂರದ ಅಳತೆ ಸಿಗುವುದಿಲ್ಲ, ಎಲ್ಲ ಅಂದಾಜು. ಈ ರಸ್ತೆಯಲ್ಲಿ ಮಾವನಿಗೆ ಯಾವ ಕೊರತೆಯೂ ಇರಲಿಲ್ಲ. ನನ್ನ ಮುಖವನ್ನು ಅವರು ನೋಡಿಯಾರೆಂದು ಕಿಟಕಿಯ ಕಡೆ ತಿರುಗಿದೆ.

ತಿರುಗಿ ನೋಡುವಷ್ಟರಲ್ಲಿ ಮಾವ ರೇಸಿನ ನಡುವೆ ಗಾಡಿ ನಿಲ್ಲಿಸಿಕೊಂಡು ಕೂತಿದ್ದರು. ಇಳಿಜಾರಿನಲ್ಲಿ ರಸ್ತೆ ಬದಿಗೆ ಒತ್ತಿ, ನೀಟಾಗಿ. ನಮ್ಮ ಜೊತೆಯ ಕಾರುಗಳೆಲ್ಲ ಎಲ್ಲೋ ಮಾಯವಾಗಿದ್ದವು.

"ಯಾಕೆ ಮಾವ? ಕೆಟ್ಟುಹೋಯ್ತಾ?"

"ಎದ್ರಿಗೆ ಏರಿ ಬತ್ತಾವ್ನೆ, ಕಾಣಕಿಲ್ವಾ?"

ನೋಡಿದರೆ ಕೆಳಗಿನಿಂದ ಒಂದು ಬಡಪಾಯಿ ನೀಲಿ ಕಾರು ಬರುತ್ತಿತ್ತು. ಅದು ಆಟಗಾರರನ್ನು ಗೋಳು ಹುಯ್ದುಕೊಳ್ಳಲೆಂದೇ ಆಟದವರು ಇಟ್ಟದ್ದು. "ಅದನ್ನ ತಪ್ಪಿಸಿ ನುಗ್ಗಬೇಕು ಮಾವ, ಇದು ರೇಸು."

"ರೇಸಾದ್ರೆ ಘಾಟಿ ಕಾನೂನು ಇಲ್ವಾ? ಏರೋನ್ನ ನಿಲ್ಲಿಸ್ಬಾರ್ದು ಕನ್ಲಾ. ನಿಂತ್ಬುಟ್ರೆ ಮತ್ತೆ ಎತ್ತಕೆ ಇಂಜಿನ್ ಜೀವ ಹೋಯ್ತದೆ. ಇಳಿಯೋನ್ಗೇನು, ಬ್ರೇಕ್ ಬುಟ್ರೆ ಹೊಂಟ್ಕತದೆ."

ಬೆಟ್ಟದ ರಸ್ತೆಯ ಹಳೆಯ ಮರ್ಯಾದೆ ಇದು. ಇಳಿಯುವವನು ನಿಲ್ಲಬೇಕು, ಏರುವವನಿಗೆ ದಾರಿ ಕೊಡಬೇಕು. ಮಾವ ಅದನ್ನು ಆಟದಲ್ಲಿಯೂ ಬಿಡಲಿಲ್ಲ. ನೀಲಿ ಕಾರಿಗೆ ದಾರಿ, ಹಳದಿ ಕಾರಿಗೆ ದಾರಿ. ಏರುವ ಗೇರಿನಲ್ಲೇ ಇಳಿಯಬೇಕೆಂದು ಎಲ್ಲ ತಿರುವಿಗೂ ಎರಡನೇ ಗೇರು. ಹಾರ್ನಿನ ಗುಂಡಿ ಯಾವುದೆಂದು ಕೇಳಿದರು, ಆ ಆಟದಲ್ಲಿ ಹಾರ್ನೇ ಇಲ್ಲವೆಂದಾಗ ಬಾಯಲ್ಲೇ "ಪೋಂ" ಎಂದರು. ಪ್ರತಿ ಸಲ ಕೊನೆಯ ಸ್ಥಾನ. 'ಸೋತಿರಿ' ಎಂದು ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರುತ್ತಿತ್ತು. ಮಾವ ಅದನ್ನು ಓದಲು ಹೋಗದೆ, "ಟ್ರಿಪ್ ಮುಗೀತು" ಎಂದು ಟವೆಲು ಕೊಡವಿ ಏಳುತ್ತಿದ್ದರು.

ನನಗೋ ಮಾವ ಒಂದು ಸಲವಾದರೂ ಗೆಲ್ಲಬೇಕು. ತಪ್ಪು ಯಂತ್ರದ್ದೆಂದು ತೀರ್ಮಾನಿಸಿದೆ. ನನ್ನ ಬಡ ಕಾರ್ಡಿಗೆ ಭಾರ ಹೆಚ್ಚಾಗಿ ಚಿತ್ರ ತಡವರಿಸುತ್ತಿತ್ತು. ಇಂಥ ಅಗ್ಗದ ಕಂಪ್ಯೂಟರನ್ನು ಹದ ಮಾಡುವುದೆಂದರೆ ಏನು ಬಲ್ಲಿರಾ? ಹೊಸದೇನನ್ನೂ ಕೊಡಲಾಗದವನು ಇರುವುದರಲ್ಲಿ ಒಂದೊಂದನ್ನೇ ತೆಗೆಯುವುದು. ನೆರಳು ತೆಗೆದೆ. ಮಂಜು ತೆಗೆದೆ. ರಸ್ತೆ ಬದಿಯ ಮರ, ತಡೆಗಲ್ಲು, ದೂರದ ಬೆಟ್ಟ, ಎಲ್ಲ ತೆಗೆದೆ. ಆಟ ಎಣ್ಣೆ ಸವರಿದಂತೆ ಜಾರತೊಡಗಿತು. ಹೆಮ್ಮೆಯಿಂದ ಮಾವನನ್ನು ಕರೆದೆ.

ಮಾವ ಒಂದು ತಿರುವು ಓಡಿಸಿ ಕೈಬಿಟ್ಟರು. "ಇದ್ಯಾವ ರೋಡ್ಲಾ ಅಳಿಯಾ? ಕಲ್ಲಿಲ್ಲ, ಮರ ಇಲ್ಲ, ಮಂಜಿಲ್ಲ. ಬೋಳು ತಲೆ ಮ್ಯಾಲೆ ವಂಡಿ ಓಡ್ಸಿದಂಗದೆ."

"ಈಗ ಸ್ಪೀಡಾಗಿ ಹೋಗ್ತದೆ ಮಾವ."

"ಸ್ಪೀಡ್ ಕೇಳ್ದೋರ್ ಯಾರು? ಮಂಜಿಲ್ದೆ ಇದ್ರೆ ನಾ ಯಾವುದಕ್ಕೆ ಜ್ವಾಪಾನ ಮಾಡ್ಲಿ? ಮೊದ್ಲಿದ್ದಂಗೇ ಮಾಡ್ಕೊಡು."

ಮೊದಲಿದ್ದಂತೆ ಮಾಡಿದ್ದಷ್ಟೇ ಅಲ್ಲ, ಹಟಕ್ಕೆ ಬಿದ್ದು ಅದಕ್ಕಿಂತ ಹೆಚ್ಚು ಮಾಡಿದೆ. ಮರ ಪೂರ್ತಿ, ಮಂಜು ಪೂರ್ತಿ, ಎಲೆಯ ನೆರಳು ಕೂಡ. ಕಾರ್ಡು ಏದುಸಿರು ಬಿಟ್ಟಿತು. ಕೋಣೆಯಲ್ಲಿ ಟೀ ವಾಸನೆ. ಆಟ ಎಷ್ಟು ನಿಧಾನವಾಯಿತೆಂದರೆ ಕೆಂಪು ರೇಸ್ ಕಾರು ಪ್ರಯಾಣಿಕರನ್ನು ತುಂಬಿಕೊಂಡ ಬಸ್ಸಿನಂತೆ ತಿರುಗತೊಡಗಿತು. ಮಾವ ಬೆನ್ನು ನೆಟ್ಟಗೆ ಮಾಡಿ ಕೂತರು. ಮುಖದಲ್ಲಿ ನಾನು ಎಷ್ಟೋ ದಿನದಿಂದ ಕಾಣದ ಕಳೆ. "ಈಗ ಸರಿಯಾಯ್ತು ನೋಡು" ಎಂದರು, "ಕಲ್ಲಟ್ಟಿ ಸ್ಪೀಡು."

ಪ್ರಪಂಚದ ಹುಡುಗರೆಲ್ಲ ಕಂಪ್ಯೂಟರಿನ ವೇಗ ಏರಿಸಲು ತಲೆ ಕೆಡಿಸಿಕೊಂಡಿದ್ದ ಕಾಲದಲ್ಲಿ ನಾನೊಬ್ಬ ಅದನ್ನು ಎಷ್ಟು ನಿಧಾನ ಮಾಡಿದರೆ ಮಾವನಿಗೆ ಹಿಡಿಸೀತು ಎಂದು ಹೊಂದಿಸುತ್ತಾ ಕೂತಿರುತ್ತಿದ್ದೆ. ನಿಧಾನವೇ ಪ್ರಧಾನ ಎಂಬುದನ್ನು ಇಷ್ಟು ಕಷ್ಟಪಟ್ಟು ಸಾಧಿಸಿದವರು ಕಡಿಮೆ.

ಗಿರಿಜಾಗೆ ಹೆಣ್ಣು ಮಗುವಾಯಿತು. ಆ ಸುದ್ದಿಯ ಫೋನನ್ನು ಮಾವ ನಿಂತುಕೊಂಡೇ ಕೇಳಿಸಿಕೊಂಡು, ತೋಟದ ಕಡೆ ನಡೆದರು. ಕೆಲವು ವಾರದ ಮೇಲೆ ಅಮ್ಮನಿಗೆ ಮತ್ತೆ ಫೋನು. ಈ ಸಲ ಅಪ್ಪನನ್ನು ಕರೆಯಿರಿ ಎನ್ನಲಿಲ್ಲ ಅವಳು. "ಅತ್ತೆ, ತೊಟ್ಟಿಲು ಕಟ್ಟಿವ್ನಿ. ಅಪ್ಪ ಬಂದು ತೂಗೋಗಂಟ ಮಗೀಗೆ ಹೆಸ್ರಿಕ್ಕಕಿಲ್ಲ. ವರ್ಷ ಆದ್ರೂ ಆಗ್ಲಿ" ಎಂದಳು. ಅಪ್ಪನ ಮಗಳೇ ಸರಿ, ಹಟದಲ್ಲಿ ಒಂದು ಗುಲಗಂಜಿ ತೂಕವೂ ಕಡಿಮೆಯಿಲ್ಲ. ಅಮ್ಮ ಕಣ್ಣೊರೆಸಿಕೊಳ್ಳುತ್ತಾ ಅದನ್ನು ಅಣ್ಣನಿಗೆ ಹೇಳಿದಳು. ಮಾವ ಉಣ್ಣದೆ ಎದ್ದರು.

ಅಂದಿನಿಂದ ಅವರು ಸ್ಟೀರಿಂಗ್ ಮುಟ್ಟಲಿಲ್ಲ. ಮುಗಿಯಿತು, ಇದೂ ಬೇಡವಾಯಿತು ಎಂದುಕೊಂಡೆ. ಆದರೆ ನಾನು ಆಡಲು ಕೂತರೆ ಒಂದು ಮುಕ್ಕಾಲಿ ಎಳೆದುಕೊಂಡು ನನ್ನ ಎಡಕ್ಕೆ ಕೂರುವುದಕ್ಕೆ ಶುರು ಮಾಡಿದರು. ಕೂತು ಬೈಯುವುದು. "ಹಾರ್ನ್ ಎಲ್ಲಿ? ಬಾಯಿಗೇನಾಗದೆ?" ಎನ್ನುವರು. "ಗೇರ್ ಇಳ್ಸು, ಬ್ರೇಕ್ನೇ ನಂಬ್ಕಬ್ಯಾಡ" ಎನ್ನುವರು. ಮೊದಮೊದಲು ನನಗೆ ಕಿರಿಕಿರಿ. ಅಷ್ಟು ದಿನ ಕೂಡಿಟ್ಟು ಕಟ್ಟಿದ ಆಟದ ಕಂಪ್ಯೂಟರಿನಲ್ಲಿ ಒಂದು ರೇಸನ್ನೂ ಗೆಲ್ಲದ ಹಾಗಾಯಿತಲ್ಲ ನನ್ನ ಗತಿ! ಬರಬರುತ್ತಾ ನನ್ನ ಬಾಯಿಯೂ ತಾನಾಗಿ "ಪೋಂ" ಎನ್ನತೊಡಗಿತು. ಎಲೆ ವ್ಯಾನಿನಲ್ಲಿಯೂ ನಾನು ಎರಡನೇ ಗೇರಿನಲ್ಲಿ ಇಳಿಯುತ್ತಿದ್ದೇನೆಂದು ಫ್ಯಾಕ್ಟರಿಯವರು ನಗುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ಮಾವ ಬಂದು ಮುಕ್ಕಾಲಿಯ ಮೇಲೆ ಕೂತರು. ಗಡ್ಡ ಹೆರೆದುಕೊಂಡಿದ್ದರು. "ಇವತ್ತು ಮ್ಯಾಲಿಂದ ಕೆಳೀಕೆ ನೀನೇ ಇಳ್ಸು" ಎಂದರು. "ನಾ ಬಾಯಿ ಬುಡಕಿಲ್ಲ."

ನಾನು ಹೊರಟೆ. ಪರದೆಯ ತುಂಬ ಮಂಜು. ಜೊತೆಗಿದ್ದ ಕಾರುಗಳು ಬಾಣದಂತೆ ಹೋದವು, ಹೋಗಲಿ ಎಂದು ಬಿಟ್ಟೆ. ತಿರುವಿಗೆ ಮುಂಚೆ "ಪೋಂ" ಎಂದೆ. ನೀಲಿ ಕಾರು ಏರಿ ಬಂತು. ಬದಿಗೆ ಒತ್ತಿ ನಿಂತೆ. ಅದು ಹೋಗುವವರೆಗೆ ಕಾದೆ. ಪಕ್ಕದಿಂದ ಒಂದು ಮಾತಿಲ್ಲ. ಕಣ್ಣಂಚಿನಲ್ಲಿ ನೋಡಿದರೆ ಮಾವನ ಬಲಗಾಲು ಮಾತ್ರ ನೆಲ ಒತ್ತುತ್ತಿತ್ತು, ಇಲ್ಲದ ಬ್ರೇಕನ್ನು. ಕೊನೆಗೆ ಬೆಟ್ಟದ ಬುಡ ತಲುಪಿದಾಗ ಗೆದ್ದವನ ಬಹುಮಾನವೆಲ್ಲ ಮುಗಿದು ಆಟ ನಮಗಾಗಿ ಕಾದು ಬೇಸತ್ತಿತ್ತು. 'ಸೋತಿರಿ' ಎಂದು ದೊಡ್ಡ ಅಕ್ಷರಗಳು ಬಂದವು.

ಮಾವ ಎದ್ದು ಟವೆಲು ಕೊಡವಿದರು. "ನಿಮ್ಮ ಪ್ಯಾಕ್ಟ್ರಿ ವ್ಯಾನು ಯಾವಾಗ ಬುಡುವಾಗ್ತದೆ?" ಎಂದರು.

ಅರ್ಥವಾಗಲು ನನಗೆ ಒಂದು ಗಳಿಗೆ ಬೇಕಾಯಿತು. ಅಮ್ಮನಿಗೆ ಬೇಕಾಗಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದು ಕೇಳಿಸಿತು.

ಎಲೆ ಇಲ್ಲದ ಒಂದು ದಿನ ವ್ಯಾನು ಕೇಳಿಕೊಂಡೆ. ಹಿಂದೆ ಗೋಣಿ ಹಾಸಿ ಅಮ್ಮ ಕೂತಳು, ಮಡಿಲಲ್ಲಿ ಹೊಸ ಕುಲಾವಿ, ತಿಂಡಿಯ ಡಬ್ಬಿ. ಮಾವ ಎಡಗಡೆಯ ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತರು. ಕೈ ಹಿಡಿಯಬೇಕೆನಿಸಿತು, ಹಿಡಿಯಲಿಲ್ಲ. ತಾವೇ ಹತ್ತಿ, ಬಾಗಿಲು ಎಳೆದುಕೊಂಡರು.

ಘಾಟಿಯ ಬಾಯಲ್ಲಿರುವ ತಲೈಕುಂದಾ ದಾಟುವವರೆಗೂ ಅವರು ಉಸಿರು ಬಿಗಿಹಿಡಿದವರಂತೆ ಇದ್ದರು. ಘಾಟಿ ಶುರುವಾಯಿತು. ಅವರ ಬಲಗಾಲೂ ಶುರುವಾಯಿತು, ನಾನು ಬ್ರೇಕ್ ಮುಟ್ಟುವ ಮುಂಚೆಯೇ ಅದು ವ್ಯಾನಿನ ತಗಡು ಒತ್ತುತ್ತಿತ್ತು. ಒಂದು ತಿರುವಿನಲ್ಲಿ ಸೌದೆ ಲಾರಿಯೊಂದು ಕೆಳಗಿನಿಂದ ನರಳುತ್ತಾ ಏರಿ ಬಂತು. ನಾನು ಬದಿಗೆ ಒತ್ತಿ ನಿಂತೆ. ಲಾರಿ ಹೋಗುವವರೆಗೂ ಕಾದೆ. ಅದರ ಡ್ರೈವರ್ ನಮ್ಮ ಕಡೆ ಕೈ ಎತ್ತಿದ. ನಾನು ಎತ್ತುವ ಮೊದಲೇ ಎಡಗಡೆಯಿಂದ ಮಾವನ ಕೈ ಎದ್ದಿತ್ತು.

ಆಮೇಲೆ ತಿರುವಿನ ಮೇಲೆ ತಿರುವು. ನನ್ನ ಕಣ್ಣೆಲ್ಲ ರಸ್ತೆಯ ಮೇಲೆ. ಎಷ್ಟೋ ಹೊತ್ತಿನ ಮೇಲೆ ತಗಡಿನ ಸದ್ದು ನಿಂತಿದೆಯೆಂದು ಗಮನಕ್ಕೆ ಬಂತು. ಓರೆಗಣ್ಣಲ್ಲಿ ನೋಡಿದೆ. ಮಾವನ ಕಾಲು ಸಡಿಲವಾಗಿ ಚಾಚಿಕೊಂಡಿತ್ತು. ತಲೆ ಬಾಗಿಲಿಗೆ ಒರಗಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ನಿದ್ದೆ. ನಾನು ಇಂಜಿನ್ ಮುಚ್ಚಳದ ಮೇಲೆ ಜೊಲ್ಲು ಸುರಿಸುತ್ತಾ ಮಲಗುತ್ತಿದ್ದ ಅದೇ ತಿರುವುಗಳಲ್ಲಿ ಮಾವ ನನ್ನ ಎಡಕ್ಕೆ ನಿದ್ದೆ ಹೋಗಿದ್ದರು. ನನ್ನ ಜೀವಮಾನದಲ್ಲಿ ಅಂಥ ಸರ್ಟಿಫಿಕೇಟು ಇನ್ನೊಂದು ಸಿಕ್ಕಿಲ್ಲ. ಹಿಂದೆ ತಿರುಗಿ ನೋಡುವಂತಿರಲಿಲ್ಲ, ಆದರೆ ಅಮ್ಮ ಸದ್ದಿಲ್ಲದೆ ಅಳುತ್ತಿದ್ದಾಳೆಂದು ನನಗೆ ಗೊತ್ತಿತ್ತು.

ಮಸಿನಗುಡಿಯಲ್ಲಿ ಗಿರಿಜಾಳ ಮನೆಯ ಮುಂದಿನ ಇಳಿಜಾರಿನಲ್ಲಿ ನಿಲ್ಲಿಸಿದೆ. ಸದ್ದು ನಿಂತರೆ ಎಚ್ಚರವಾದೀತೆಂದು ಇಂಜಿನ್ ಆರಿಸದೆ, ಬ್ರೇಕ್ ಒತ್ತಿಕೊಂಡು ಕೂತೆ. ಗಿರಿಜಾ ಮಗುವನ್ನೆತ್ತಿಕೊಂಡು ಓಡಿ ಬಂದಳು. ನಾನು ತುಟಿಯ ಮೇಲೆ ಬೆರಳಿಟ್ಟೆ. ಎಡಗಡೆಯ ಸೀಟಿನಲ್ಲಿ ಅಪ್ಪ ಮಲಗಿರುವುದನ್ನು ಕಂಡು ಅವಳು ಅಲ್ಲೇ ನಿಂತುಬಿಟ್ಟಳು.

ಮಾವ ಕಣ್ಣು ಬಿಡಲಿಲ್ಲ.

"ಇಳಿಜಾರು ಕನ್ಲಾ" ಎಂದರು. "ರಿವರ್ಸ್ ಗೇರ್‌ಗಾಕ್ಬುಟ್ಟು ಆಫ್ ಮಾಡು." ಆಮೇಲೆ, ಕಣ್ಣು ಮುಚ್ಚಿಕೊಂಡೇ, ಮಗುವಿಗಾಗಿ ಕಿಟಕಿಯಿಂದ ಎರಡೂ ಕೈ ಚಾಚಿದರು.